ನಾಟಕಕ್ಕೊಂದು ಸಾಂಕೇತಿಕ ಪೋಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹವ್ಯಾಸಿ ತಂಡಗಳಲ್ಲಿ ಪೋಸ್ಟರಿನ ಮಾತು ಬರುವುದು ಸಾಮಾನ್ಯವಾಗಿ ತಡವಾಗಿ. ರಂಗಮಂದಿರ ಗೊತ್ತಾಗಿ, ಪಾತ್ರ ಹಂಚಿಕೆ ಮುಗಿದು, ತಾಲೀಮು ಅರ್ಧ ದಾರಿ ದಾಟಿದ ಮೇಲೆ ಯಾರಿಗೋ ಅದು ನೆನಪಾಗುತ್ತದೆ. ತಂಡದಲ್ಲಿ ಕಂಪ್ಯೂಟರ್ ಬಲ್ಲವರ ಕೊರಳಿಗೆ ಆ ಕೆಲಸ ಬೀಳುತ್ತದೆ. ಹಾಗೆ ಕೆಲಸ ಹೊತ್ತುಕೊಂಡವರೂ ಅವರಿಂದ ಕೆಲಸ ಮಾಡಿಸಿಕೊಳ್ಳುವ ನಿರ್ದೇಶಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳನ್ನು ಆದಷ್ಟೂ ಕನ್ನಡದ ಪ್ರೇಕ್ಷಕರು ಬಲ್ಲ ನಾಟಕಗಳಿಂದಲೇ ಆರಿಸಿಕೊಳ್ಳಲಾಗಿದೆ.

ಸಾಂಕೇತಿಕ ಪೋಸ್ಟರ್ ಎಂದು ಯಾವುದನ್ನು ಕರೆಯುತ್ತಾರೆ?

ನಾಟಕದ ದೃಶ್ಯವನ್ನೋ ನಟರ ಮುಖಗಳನ್ನೋ ನೇರವಾಗಿ ತೋರಿಸದೆ, ಒಂದು ವಸ್ತುವಿನ ಅಥವಾ ಆಕಾರದ ಮೂಲಕ ಆ ನಾಟಕದ ಒಳಗಿನ ಸಂಘರ್ಷವನ್ನು ಸೂಚಿಸುವ ಪೋಸ್ಟರಿಗೆ ಈ ಹೆಸರು ಸಲ್ಲುತ್ತದೆ. ವಸ್ತುವೊಂದು ಪೋಸ್ಟರಿನ ನಡುವೆ ದೊಡ್ಡದಾಗಿ ಕುಳಿತ ಮಾತ್ರಕ್ಕೆ ಅದು ಸಂಕೇತವಾಗಿಬಿಡುವುದಿಲ್ಲ. ಕಠಾರಿಯ ಚಿತ್ರ ಕಠಾರಿಯನ್ನಷ್ಟೇ ಹೇಳುತ್ತದೆ. ಅದೇ ಕಠಾರಿಯನ್ನು ಜಪಮಾಲೆಯ ತುದಿಯಲ್ಲಿ ಪೋಣಿಸಿದರೆ ನೋಡುವವರು ಒಂದು ಕ್ಷಣ ತಡೆದು ನಿಲ್ಲುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲೇ ದೊರೆಯನ್ನು ಕೊಲ್ಲುವ ಸಂಚು ಹೂಡುವ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕಕ್ಕೆ ಆ ಚಿತ್ರ ಒಂದು ಬಾಗಿಲಾಗಬಲ್ಲುದು. ಎರಡು ಅರ್ಥಗಳು ಒಂದೇ ಆಕಾರದಲ್ಲಿ ಜಗಳವಾಡುತ್ತಿರಬೇಕು ಎಂಬುದೇ ಇದರ ಮುಖ್ಯ ಲಕ್ಷಣ.

ಎಲ್ಲ ನಾಟಕಗಳಿಗೂ ಇಂತಹ ಪೋಸ್ಟರ್ ಬೇಕೆ?

ಬೇಡ. ಕಂಪನಿ ನಾಟಕಗಳ ಹ್ಯಾಂಡ್‌ಬಿಲ್ಲುಗಳು ನಾಟಕದಲ್ಲಿ ಏನೇನಿದೆ ಎಂಬುದನ್ನೆಲ್ಲ ಒಂದೂ ಬಿಡದೆ ಸಾರುತ್ತಿದ್ದವು, ಮತ್ತು ಅದು ಸರಿಯಾಗಿಯೇ ಇತ್ತು. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದಾಗ ಆ ಸುದ್ದಿಯೇ ಜನರನ್ನು ಕರೆತರಲು ಸಾಕಾಗಿತ್ತು, ಅಲ್ಲಿ ಸಂಕೇತಕ್ಕೆ ಕೆಲಸವಿರಲಿಲ್ಲ. ಕರಾವಳಿಯ ಯಕ್ಷಗಾನದ ಕರಪತ್ರವನ್ನು ಓದುವವರು ಭಾಗವತರು ಯಾರು, ಯಾವ ವೇಷ ಯಾರದು ಎಂದು ಹುಡುಕುತ್ತಾರೆ; ಹೆಸರುಗಳನ್ನು ಮೂಲೆಗೆ ತಳ್ಳಿ ನಡುವೆ ಒಂದು ಗೆಜ್ಜೆಯನ್ನು ಇಟ್ಟರೆ ಅವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಪ್ರಸಿದ್ಧ ನಟರೊಬ್ಬರನ್ನು ನೋಡಲೆಂದೇ ಜನ ಬರುವ ಪ್ರಯೋಗದಲ್ಲಿಯೂ ಆ ನಟರ ಮುಖವನ್ನು ಮರೆಮಾಡುವುದು ಜಾಣತನವಲ್ಲ. ಪ್ರೇಕ್ಷಕರು ನಾಟಕಕ್ಕಾಗಿ, ಅದರ ವಿಚಾರಕ್ಕಾಗಿ, ಹೊಸ ವ್ಯಾಖ್ಯಾನಕ್ಕಾಗಿ ಬರುತ್ತಾರೆ ಎನ್ನುವ ಕಡೆ ಸಾಂಕೇತಿಕ ಪೋಸ್ಟರ್ ತನ್ನ ಶಕ್ತಿಯನ್ನು ತೋರಿಸುತ್ತದೆ.

ಸಂಕೇತವನ್ನು ಎಲ್ಲಿ ಹುಡುಕಬೇಕು?

ರಂಗಪಠ್ಯವನ್ನು ಮೊದಲು ಕಥೆಗಾಗಿ ಓದಿ, ಎರಡನೆಯ ಸಲ ವಸ್ತುಗಳಿಗಾಗಿ ಓದಿ. ರಂಗದ ಮೇಲೆ ಬರುವ ಪರಿಕರಗಳನ್ನೂ ಪಾತ್ರಗಳ ಮಾತಿನಲ್ಲಿ ಮರಳಿ ಮರಳಿ ಸುಳಿಯುವ ವಸ್ತುಗಳನ್ನೂ ಒಂದು ಹಾಳೆಯ ಎಡಭಾಗದಲ್ಲಿ ಬರೆದುಕೊಳ್ಳಿ. ಬಲಭಾಗದಲ್ಲಿ, ನಾಟಕ ಮುಗಿಯುವಷ್ಟರಲ್ಲಿ ಆ ವಸ್ತುವಿಗೆ ಏನಾಗುತ್ತದೆ ಎಂಬುದನ್ನು ಬರೆಯಿರಿ. ಬಲಭಾಗ ಖಾಲಿ ಉಳಿದ ವಸ್ತುಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. ಪೋಸ್ಟರಿಗೆ ಬೇಕಾದದ್ದು ವಸ್ತುವಿಗೆ ಒದಗಿದ ಗತಿ. ಏನೂ ಆಗದೆ ಉಳಿದ ವಸ್ತು ಅಲಂಕಾರವಾಗಿ ಮಾತ್ರ ಉಳಿಯುತ್ತದೆ.

1964ರ ‘ತುಘಲಕ್’ ನಾಟಕವನ್ನೇ ಮುಂದುವರಿಸೋಣ. ಪೋಸ್ಟರ್ ಮಾಡಲು ಕುಳಿತವರ ಕೈಗೆ ಮೊದಲು ಬರುವುದು ಕಿರೀಟ ಇಲ್ಲವೇ ಸಿಂಹಾಸನ. ಆದರೆ ಈ ನಾಟಕದಲ್ಲಿ ಕಿರೀಟ ಕಳೆದುಹೋಗುವುದಿಲ್ಲ, ಸಿಂಹಾಸನಕ್ಕೆ ಬೇರೊಬ್ಬ ಬಂದು ಕೂರುವುದೂ ಇಲ್ಲ. ತಾಮ್ರದ ನಾಣ್ಯದ ಕಥೆಯೇ ಬೇರೆ. ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯ ಚಲಾವಣೆಗೆ ಬರುತ್ತದೆ, ಊರೂರಿನಲ್ಲಿ ಖೋಟಾ ನಾಣ್ಯಗಳು ಹುಟ್ಟಿಕೊಳ್ಳುತ್ತವೆ, ಕೊನೆಗೆ ಸುಲ್ತಾನ ಕನಸು ಕಂಡು ಬೆಳೆಸಿದ ಗುಲಾಬಿ ತೋಟವೇ ಆ ನಾಣ್ಯಗಳನ್ನು ಸುರಿಯುವ ಜಾಗವಾಗುತ್ತದೆ. ಗುಲಾಬಿಯ ಗಿಡದಲ್ಲಿ ಹೂವಿನ ಬದಲು ಸವೆದ ತಾಮ್ರದ ಬಿಲ್ಲೆಗಳು ಅರಳಿರುವ ಚಿತ್ರವೊಂದನ್ನು ಊಹಿಸಿಕೊಳ್ಳಿ. ಆದರ್ಶ, ಅದರ ಹಣಕಾಸು, ಅದರ ಕೊಳೆತ ಫಲ, ಮೂರೂ ಒಂದು ಗಿಡದಲ್ಲಿ ಸೇರುತ್ತವೆ. ನಾಟಕ ಬಲ್ಲವರಿಗೆ ಅದು ಆಳವಾಗಿ ತಟ್ಟುತ್ತದೆ. ಬಲ್ಲದವರಿಗೆ ‘ಇದೇನು ಗಿಡ?’ ಎಂಬ ಕುತೂಹಲ ಉಳಿಯುತ್ತದೆ.

ಸ್ಯಾಮ್ಯುಯೆಲ್ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ 1953ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಕಂಡಂದಿನಿಂದ ಅದರ ಪೋಸ್ಟರುಗಳಲ್ಲಿ ಒಂದು ಬೋಳು ಮರ ಮತ್ತು ಎರಡು ಟೋಪಿಗಳು ಕಾಣಿಸಿಕೊಳ್ಳುತ್ತಲೇ ಇವೆ. ಮರ ನಾಟಕದ್ದೇ, ಒಪ್ಪೋಣ. ಆದರೆ ಆ ಮರಕ್ಕೆ ನಾಟಕದಲ್ಲಿ ಏನೋ ಆಗುತ್ತದೆ: ಎರಡನೆಯ ಅಂಕಕ್ಕೆ ತೆರೆ ಎದ್ದಾಗ ಅದರಲ್ಲಿ ನಾಲ್ಕೈದು ಎಲೆಗಳಿರುತ್ತವೆ. ಆ ಎಲೆಗಳು ಭರವಸೆಯೋ ಅಣಕವೋ ಎಂಬುದನ್ನು ನಾಟಕ ತೀರ್ಮಾನಿಸುವುದಿಲ್ಲ. ಬೋಳು ಮರ ಬರಿಯ ಹತಾಶೆಯನ್ನು ಹೇಳಿದರೆ, ಅಷ್ಟು ದೊಡ್ಡ ಹಾಳೆಯಲ್ಲಿ ಉಳಿದ ನಾಲ್ಕು ಎಲೆಗಳು ಆ ಅನಿಶ್ಚಯವನ್ನೇ ಪ್ರೇಕ್ಷಕರ ಮುಂದೆ ಇಡುತ್ತವೆ.

ಹಾಗೆ ಮಾಡಿದರೆ ನಾಟಕದ ಗುಟ್ಟು ಬಯಲಾಗುವುದಿಲ್ಲವೆ?

ಪತ್ತೇದಾರಿ ನಾಟಕಗಳನ್ನು ಬಿಟ್ಟರೆ ಈ ಭಯಕ್ಕೆ ಹೆಚ್ಚು ಆಧಾರವಿಲ್ಲ. ‘ನಾಗಮಂಡಲ’ದ ಪೋಸ್ಟರಿನಲ್ಲಿ ಹೆಣ್ಣಿನ ಉದ್ದನೆಯ ಜಡೆಯೊಂದು ಕೆಳಗಿಳಿಯುತ್ತಾ ತುದಿಯಲ್ಲಿ ಹೆಡೆಯಂತೆ ಕೊಂಚ ಅಗಲವಾಗಿದೆ ಎಂದುಕೊಳ್ಳಿ. ಕಾರ್ನಾಡರು ಆ ನಾಟಕಕ್ಕೆ ಕೊಟ್ಟ ಬೇರೆ ಬೇರೆ ಮುಕ್ತಾಯಗಳಲ್ಲಿ ಒಂದರಲ್ಲಿ ನಾಗ ರಾಣಿಯ ಕೂದಲಲ್ಲೇ ಜೀವ ಬಿಡುತ್ತದೆ, ಇನ್ನೊಂದರಲ್ಲಿ ಅಲ್ಲೇ ಮನೆ ಮಾಡುತ್ತದೆ. ಪೋಸ್ಟರ್ ನೋಡಿದವರಿಗೆ ಇದಾವುದೂ ಮೊದಲೇ ತಿಳಿಯುವುದಿಲ್ಲ. ಹೆಣ್ಣು, ಹಾವು, ಆಕರ್ಷಣೆ, ಅಪಾಯ ಎಂಬಷ್ಟು ಮಾತ್ರ ತಿಳಿಯುತ್ತದೆ. ನಾಟಕ ಮುಗಿಸಿ ಹೊರಬಂದು ಅದೇ ಪೋಸ್ಟರನ್ನು ಮತ್ತೆ ನೋಡಿದಾಗ ಅದು ಬೇರೆಯಾಗಿ ಕಾಣಬೇಕು. ಮೊದಲ ನೋಟಕ್ಕೇ ಎಲ್ಲವೂ ಮುಗಿದುಹೋದರೆ ಸಂಕೇತ ತೆಳುವಾಗಿದೆ ಎಂದರ್ಥ. ನಾಟಕ ನೋಡಿದ ಮೇಲೂ ಬಿಡಿಸಲಾಗದಿದ್ದರೆ ಅದು ವಿನ್ಯಾಸಕರ ಖಾಸಗಿ ಒಗಟು.

ಯಾವ ಸಂಕೇತಗಳು ಹಳಸಿಹೋಗಿವೆ?

ನಗುವ ಮತ್ತು ಅಳುವ ಜೋಡಿ ಮುಖವಾಡ, ಅರ್ಧ ತೆರೆದ ಕೆಂಪು ಪರದೆ, ಬೆಳಕಿನ ವೃತ್ತದಲ್ಲಿ ಬೆನ್ನು ತೋರಿಸಿ ನಿಂತ ಒಂಟಿ ವ್ಯಕ್ತಿ, ಬಿರುಕುಬಿಟ್ಟ ಕನ್ನಡಿ, ತೊಟ್ಟಿಕ್ಕುವ ರಕ್ತ, ಸೂತ್ರದ ಬೊಂಬೆಯ ದಾರಗಳು, ಚದುರಂಗದ ಮಣೆ. ಇವು ಯಾವ ನಾಟಕಕ್ಕಾದರೂ ಹೊಂದುತ್ತವೆ, ಆದ್ದರಿಂದಲೇ ನಿಮ್ಮ ನಾಟಕಕ್ಕೆ ಹೊಂದುವುದಿಲ್ಲ. ಪರೀಕ್ಷೆ ಸುಲಭ: ಪೋಸ್ಟರಿನ ಮೇಲಿನ ಹೆಸರನ್ನು ತೆಗೆದು ಬೇರೊಂದು ನಾಟಕದ ಹೆಸರನ್ನು ಹಾಕಿ ನೋಡಿ. ಯಾವ ತೊಡಕೂ ಕಾಣದಿದ್ದರೆ ಚಿತ್ರವನ್ನು ಬದಲಿಸಬೇಕು.

ಆದರೂ ಹಳಸಿದ್ದು ಎಂದು ಯಾವುದನ್ನೂ ಶಾಶ್ವತವಾಗಿ ಬಹಿಷ್ಕರಿಸಬೇಕಾಗಿಲ್ಲ. ‘ತುಘಲಕ್’ನಲ್ಲಿ ಸುಲ್ತಾನ ನಿಜವಾಗಿಯೂ ಚದುರಂಗದ ಹುಚ್ಚಿನವನು, ಹಾಗಾಗಿ ಅಲ್ಲಿ ಮಣೆಗೆ ಹಕ್ಕಿದೆ, ಅದನ್ನು ಹೇಗೆ ಬಾಗಿಸುತ್ತೀರಿ ಎಂಬುದಷ್ಟೇ ಪ್ರಶ್ನೆ. ‘ಮ್ಯಾಕ್‌ಬೆತ್’ಗೆ, ಅಥವಾ ಅದರಿಂದ ಎಚ್. ಎಸ್. ಶಿವಪ್ರಕಾಶರು ರೂಪಿಸಿದ ‘ಮಾರನಾಯಕ’ಕ್ಕೆ, ರಕ್ತದ ಕಠಾರಿ ತೀರಾ ಸುಲಭದ ಉತ್ತರ. ಶೇಕ್ಸ್‌ಪಿಯರ್‌ನ ಪಠ್ಯದಲ್ಲಿ ಔತಣದ ಮೇಜಿನ ಮುಂದೆ ಒಂದು ಖಾಲಿ ಪೀಠವಿದೆ. ಅದರಲ್ಲಿ ಯಾರೋ ಕುಳಿತಿರುವುದು ಒಬ್ಬನಿಗೆ ಮಾತ್ರ ಕಾಣುತ್ತದೆ. ಕಾಡು ಎದ್ದು ನಡೆದು ಬರುವ ಸಂಗತಿಯೂ ಇದೆ. ಇಂತಹ ಸಾಮಗ್ರಿ ಪಠ್ಯದಲ್ಲೇ ಇರುವಾಗ ಕಠಾರಿಯ ಹಿಂದೆ ಹೋಗುವುದು ಸೋಮಾರಿತನ ಎನ್ನದೆ ವಿಧಿಯಿಲ್ಲ.

ಎರಡು ಅರ್ಥಗಳನ್ನು ಒಂದೇ ಆಕಾರದಲ್ಲಿ ಬೆಸೆಯುವುದು ಹೇಗೆ?

ಇದಕ್ಕೆ ಕೆಲವು ಹಳೆಯ ದಾರಿಗಳಿವೆ. ಮೊದಲನೆಯದು ಬದಲಿ: ಇರಬೇಕಾದ ವಸ್ತುವಿನ ಜಾಗದಲ್ಲಿ ಇನ್ನೊಂದು. ಗುಲಾಬಿಯ ಜಾಗದಲ್ಲಿ ನಾಣ್ಯ ಬಂದದ್ದು ಹಾಗೆ. ಎರಡನೆಯದು ಆಕಾರದೊಳಗಿನ ಆಕಾರ. ನಾಟಕದ್ದಲ್ಲದಿದ್ದರೂ ಇದಕ್ಕೆ ಅತ್ಯುತ್ತಮ ಉದಾಹರಣೆ ಪೋಲೆಂಡಿನ ತದೇವುಷ್ ತ್ರೆಪ್ಕೊವ್ಸ್ಕಿ 1952ರಲ್ಲಿ ಮಾಡಿದ ಯುದ್ಧವಿರೋಧಿ ಪೋಸ್ಟರ್: ಬೀಳುತ್ತಿರುವ ಬಾಂಬಿನ ಹೊರರೇಖೆಯ ಒಳಗೆ ಕುಸಿದ ಮನೆಯೊಂದರ ಗೋಡೆಗಳು, ಜೊತೆಗೆ ‘ಬೇಡ’ ಎಂಬ ಅರ್ಥದ ಒಂದೇ ಪದ. ಕಾರಣ ಮತ್ತು ಪರಿಣಾಮ ಒಂದೇ ಹೊರರೇಖೆಯಲ್ಲಿ ನಿಂತಿವೆ. ಮೂರನೆಯದು ಗೈರುಹಾಜರಿ. ಕುವೆಂಪು ಅವರ ‘ಬೆರಳ್ಗೆ ಕೊರಳ್’ ನಾಟಕಕ್ಕೆ ಏಕಲವ್ಯನ ಚಿತ್ರ ಬೇಕಾಗಿಲ್ಲ; ಬಿಲ್ಲನ್ನು ಹಿಡಿದ ಕೈಗುರುತಿನಲ್ಲಿ ಹೆಬ್ಬೆರಳಿನ ಅಚ್ಚು ಮಾತ್ರ ಕಾಣದಿದ್ದರೆ ಸಾಕು, ಕಣ್ಣು ತಾನಾಗಿಯೇ ಆ ಖಾಲಿ ಜಾಗಕ್ಕೆ ಹೋಗುತ್ತದೆ.

ನಾಲ್ಕನೆಯದು ಕತ್ತರಿಸಿ ಸರಿಸುವುದು. ‘ಹಯವದನ’ಕ್ಕೆ ಇದಕ್ಕಿಂತ ಸೂಕ್ತವಾದ ವಿಧಾನ ಸಿಗಲಾರದು. ಬಹುತೇಕ ಪೋಸ್ಟರುಗಳು ಕುದುರೆಯ ತಲೆಯ ಮನುಷ್ಯನನ್ನು ತೋರಿಸುತ್ತವೆ. ಅವನು ಹೊರಚೌಕಟ್ಟಿನ ಕಥೆಯವನು. ನಾಟಕದ ಎದೆಯಲ್ಲಿರುವುದು ದೇವದತ್ತ ಮತ್ತು ಕಪಿಲರ ರುಂಡಗಳನ್ನು ಪದ್ಮಿನಿ ಅದಲುಬದಲಾಗಿ ಜೋಡಿಸಿಬಿಡುವ ಗಳಿಗೆ. ಒಂದು ಮೃದು ದೇಹ, ಒಂದು ಕಸುವಿನ ದೇಹ, ಎರಡನ್ನೂ ಅಕ್ಕಪಕ್ಕ ಬರೆದು, ಹಾಳೆಯನ್ನು ಕುತ್ತಿಗೆಯ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿ, ಮೇಲಿನ ಪಟ್ಟಿಯನ್ನು ಒಂದು ಆಳಿನಷ್ಟು ಪಕ್ಕಕ್ಕೆ ಸರಿಸಿ ಅಂಟಿಸಿ. ಒಂದು ತುದಿಯಲ್ಲಿ ರುಂಡವಿಲ್ಲದ ದೇಹವೂ ಇನ್ನೊಂದು ತುದಿಯಲ್ಲಿ ದೇಹವಿಲ್ಲದ ರುಂಡವೂ ಉಳಿಯುತ್ತವೆ. ಆ ಉಳಿಕೆಯೇ ನಾಟಕದ ಪ್ರಶ್ನೆ. ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವ ಮೊದಲು ನಿಜವಾದ ಕಾಗದ ಮತ್ತು ಕತ್ತರಿಯಿಂದ ಮಾಡಿ ನೋಡುವುದು ಒಳ್ಳೆಯದು; ಕೈಗೆ ಸಿಗುವ ಅಂಚಿನ ಒರಟುತನ ಮೌಸಿಗೆ ಸಿಗುವುದಿಲ್ಲ.

ಈ ವಿಷಯ ಬಂದಾಗಲೆಲ್ಲ ಪೋಲೆಂಡಿನ ಹೆಸರು ಏಕೆ ಬರುತ್ತದೆ?

ಎರಡನೆಯ ಮಹಾಯುದ್ಧದ ನಂತರ ಅಲ್ಲಿ ರಂಗಮಂದಿರಗಳೂ ಚಿತ್ರಮಂದಿರಗಳೂ ಸರ್ಕಾರದ ಆಡಳಿತದಲ್ಲಿದ್ದವು. ಟಿಕೆಟ್ ಮಾರಾಟದ ಒತ್ತಡ ಪೋಸ್ಟರಿನ ಮೇಲೆ ಅಷ್ಟಾಗಿ ಇರಲಿಲ್ಲವಾದ್ದರಿಂದ ತಾರೆಯರ ಮುಖ ಹಾಕಲೇಬೇಕೆಂದು ಕೇಳುವವರೂ ಇರಲಿಲ್ಲ. ಹೆನ್ರಿಕ್ ತೊಮಾಷೆವ್ಸ್ಕಿ, ಯಾನ್ ಲೆನಿತ್ಸ, ಫ್ರಾಂಚಿಷೆಕ್ ಸ್ತಾರೊವೆಯ್ಸ್ಕಿ ಮುಂತಾದ ಚಿತ್ರಕಾರರು ಈ ಅವಕಾಶವನ್ನು ಬಳಸಿಕೊಂಡು ಪೋಸ್ಟರನ್ನು ನಾಟಕದ ಮೇಲಿನ ಸ್ವತಂತ್ರ ವ್ಯಾಖ್ಯಾನವಾಗಿ ಬೆಳೆಸಿದರು. ಆಲ್ಬನ್ ಬೆರ್ಗ್‌ನ ‘ವೊಟ್ಸೆಕ್’ ಸಂಗೀತ ನಾಟಕಕ್ಕೆ ಲೆನಿತ್ಸ 1964ರಲ್ಲಿ ಬರೆದ ಪೋಸ್ಟರಿನಲ್ಲಿ ಕೆಂಪು ಮುಖವೊಂದು ಬಾಯ್ದೆರೆದಿದೆ, ಸುತ್ತಲಿನ ರೇಖೆಗಳು ಅಲೆಗಳಂತೆ ಹರಡಿಕೊಂಡು ಚೀತ್ಕಾರವೇ ಕಣ್ಣಿಗೆ ಕಾಣುವಂತಾಗಿದೆ. ವಾರ್ಸಾದಲ್ಲಿ 1966ರಲ್ಲಿ ಅಂತರರಾಷ್ಟ್ರೀಯ ಪೋಸ್ಟರ್ ದ್ವೈವಾರ್ಷಿಕ ಪ್ರದರ್ಶನ ಆರಂಭವಾಯಿತು, 1968ರಲ್ಲಿ ಅದೇ ನಗರದ ವಿಲಾನೂಫ್‌ನಲ್ಲಿ ಪೋಸ್ಟರುಗಳಿಗೆಂದೇ ವಸ್ತುಸಂಗ್ರಹಾಲಯ ತೆರೆಯಿತು.

ಅದಕ್ಕೂ ಮೊದಲಿನ ಯುರೋಪಿನಲ್ಲಿ ಎರಡು ಬೇರೆ ಬೇರೆ ದಾರಿಗಳು ಪಕ್ಕಪಕ್ಕದಲ್ಲೇ ಇದ್ದವು. 1895ರ ಜನವರಿಯಲ್ಲಿ ಪ್ಯಾರಿಸ್ಸಿನ ಗೋಡೆಗಳ ಮೇಲೆ ಕಾಣಿಸಿಕೊಂಡ ಚಿತ್ರಕಾರ ಅಲ್ಫೋನ್ಸ್ ಮುಖಾನ ‘ಜಿಸ್ಮೊಂಡ’ ನಾಟಕದ ಪೋಸ್ಟರಿನಲ್ಲಿ ನಟಿ ಸಾರಾ ಬರ್ನಾರ್ ಸರ್ವಾಲಂಕಾರಭೂಷಿತೆಯಾಗಿ ನಿಂತಿದ್ದಳು. ಅದರ ಹಿಂದಿನ ವರ್ಷವೇ ಇಂಗ್ಲೆಂಡಿನ ವಿಲಿಯಂ ನಿಕಲ್ಸನ್ ಮತ್ತು ಜೇಮ್ಸ್ ಪ್ರೈಡ್ ಜೋಡಿ ‘ಹ್ಯಾಮ್ಲೆಟ್’ಗೆ ಒಂದು ಸಪಾಟಾದ ಕರಿ ಆಕಾರದ ಪೋಸ್ಟರ್ ಮಾಡಿತ್ತು. ಕಡಿಮೆ ಖರ್ಚಿನ ತಂಡಗಳಿಗೆ ಇಂದಿಗೂ ಹೆಚ್ಚು ಕಲಿಸುವುದು ಈ ಎರಡನೆಯದು.

ಪೋಲೆಂಡಿನ ಶೈಲಿಯನ್ನು ಹಾಗೆಯೇ ನಕಲು ಮಾಡುವುದರಿಂದ ಮಾತ್ರ ಪ್ರಯೋಜನವಿಲ್ಲ. ಕುಂಚದ ಒರಟು ಗೆರೆ, ವಿಕಾರವಾದ ಮುಖ ಇವು ಆ ಕಾಲದ ಆ ಜನರ ಅನುಭವದಿಂದ ಬಂದವು. ನಮ್ಮಲ್ಲಿ ತೊಗಲುಗೊಂಬೆಯ ತೂತುಗಳ ಕುಸುರಿ ಇದೆ, ರಂಗೋಲಿಯ ಚುಕ್ಕೆ ಲೆಕ್ಕವಿದೆ, ಹಸೆಚಿತ್ತಾರದ ಗೆರೆಗಳಿವೆ. ನಾಟಕ ಕೇಳಿದಾಗ ಮಾತ್ರ ಇವುಗಳನ್ನು ಬಳಸಬೇಕು, ಊರಿನ ಗುರುತಿಗಾಗಿ ಅಂಟಿಸಬಾರದು.

ನಿರ್ದೇಶಕರೊಂದಿಗೆ ಯಾವಾಗ ಮಾತನಾಡಬೇಕು, ಏನು ಕೇಳಬೇಕು?

ತಾಲೀಮಿನ ಆರಂಭದಲ್ಲೇ ಒಮ್ಮೆ ಮಾತನಾಡಬೇಕು. ಇಡೀ ನಾಟಕವನ್ನು ತಡೆಯಿಲ್ಲದೆ ಓಡಿಸುವ ತಾಲೀಮನ್ನು ಒಮ್ಮೆ ನೋಡಬೇಕು. ‘ಪೋಸ್ಟರ್ ಹೇಗಿರಬೇಕು?’ ಎಂದು ಕೇಳಿದರೆ ಅವರು ಎಲ್ಲೋ ನೋಡಿದ ಪೋಸ್ಟರನ್ನು ವಿವರಿಸುತ್ತಾರೆ. ‘ಈ ನಾಟಕವನ್ನು ಈಗ ಏಕೆ ಮಾಡುತ್ತಿದ್ದೀರಿ?’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಒಬ್ಬರಿಗೆ ‘ತುಘಲಕ್’ ಅಧಿಕಾರದ ನಾಟಕ, ಇನ್ನೊಬ್ಬರಿಗೆ ನಂಬಿಕೆ ಕಳೆದುಕೊಂಡ ಒಬ್ಬ ಮನುಷ್ಯನ ಏಕಾಂತದ ನಾಟಕ. ಎರಡಕ್ಕೂ ಒಂದೇ ಪೋಸ್ಟರ್ ಹೊಂದುವುದಿಲ್ಲ. ಕರಡುಗಳನ್ನು ತೋರಿಸುವಾಗ ನಿಜವಾಗಿ ಬೇರೆ ಬೇರೆಯಾದ ವಿಚಾರಗಳನ್ನೇ ತೋರಿಸಿ; ಒಂದೇ ವಿಚಾರದ ಮೂರು ಬಣ್ಣಗಳನ್ನು ಮುಂದಿಟ್ಟರೆ ಚರ್ಚೆ ಬಣ್ಣದಲ್ಲೇ ಕೊನೆಯಾಗುತ್ತದೆ. ತಂಡದವರೆಲ್ಲರೂ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕರಡು ಹಾಕಿ ಮತ ಕೇಳುವುದನ್ನು ತಪ್ಪಿಸಿ. ಯಾರೂ ವಿರೋಧಿಸದ ಪೋಸ್ಟರ್ ಅಲ್ಲಿ ಗೆಲ್ಲುತ್ತದೆ, ಯಾರ ನೆನಪಿನಲ್ಲೂ ಅದು ಉಳಿಯುವುದಿಲ್ಲ.

ನಟರ ಫೋಟೊ ಬಳಸಲೇಬಾರದೆ?

ಬಳಸಬಹುದು. ಫೋಟೊ ಕೂಡ ಸಂಕೇತವಾಗಬಲ್ಲುದು. ಮುಖದ ಬದಲು ಕೈ, ಬೆನ್ನು, ಮಡಿಸಿದ ಸೀರೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಇವುಗಳ ಫೋಟೊ ಹಲವು ಸಲ ಹೆಚ್ಚು ಹೇಳುತ್ತದೆ. ತಾಲೀಮಿನ ಹೊತ್ತಿಗೆ ವೇಷಭೂಷಣ ಸಿದ್ಧವಾಗಿರುವುದಿಲ್ಲ ಎಂಬ ತಾಪತ್ರಯವೂ ಇದರಿಂದ ತಪ್ಪುತ್ತದೆ.

ಬಣ್ಣಗಳನ್ನು ಹೇಗೆ ಆರಿಸಬೇಕು?

ಎರಡು ಬಣ್ಣ ಮತ್ತು ಕಾಗದದ ಬಿಳುಪು, ಇಷ್ಟರಿಂದ ಆರಂಭಿಸಿ. ಮೂರನೆಯ ಬಣ್ಣ ತಾನೇಕೆ ಬಂದೆ ಎಂದು ಕಾರಣ ಹೇಳಬೇಕು. ನಮ್ಮ ನೆಲದಲ್ಲಿ ಬಣ್ಣಗಳಿಗೆ ತಮ್ಮದೇ ಆದ ಓದು ಇದೆ ಎಂಬುದನ್ನು ಮರೆಯಬಾರದು. ಅರಿಶಿನ ಮತ್ತು ಕುಂಕುಮದ ಬಣ್ಣಗಳನ್ನು ಸಮಸಮವಾಗಿ ಹಾಕಿದರೆ ದೂರದಿಂದ ನೋಡಿದವರು ಅದನ್ನು ರಾಜ್ಯೋತ್ಸವದ ಪ್ರಕಟಣೆ ಎಂದುಕೊಳ್ಳುತ್ತಾರೆ. ಕೇಸರಿ, ಹಸಿರು, ನೀಲಿಗಳ ಗಾಢ ಹರವುಗಳಿಗೆ ರಾಜಕೀಯದ ಅರ್ಥ ಅಂಟಿಕೊಂಡಿದೆ. ನಾಟಕಕ್ಕೆ ಆ ಅರ್ಥ ಬೇಕಿದ್ದರೆ ಧೈರ್ಯವಾಗಿ ಬಳಸಿ, ಬೇಡವಾದರೆ ಆ ಬಣ್ಣವನ್ನು ಮಂಕುಮಾಡಿ ಅಥವಾ ಕೈಬಿಡಿ. ದುರಂತ ನಾಟಕವೆಂದರೆ ಕಪ್ಪು ಮತ್ತು ಕೆಂಪು ಎಂಬ ಸೂತ್ರವನ್ನೂ ಕೊಂಚ ಕಾಲ ಬದಿಗಿಡಬಹುದು. ಸುಣ್ಣದ ಗೋಡೆಯಂತಹ ಬಿಳಿ ಹಿನ್ನೆಲೆಯಲ್ಲಿ ಸಾವು ಇನ್ನೂ ತಣ್ಣಗೆ ಕಾಣುತ್ತದೆ.

ಕನ್ನಡ ಅಕ್ಷರಗಳ ವಿಷಯದಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಏನು?

ಬಹಳ ಇದೆ, ಮತ್ತು ಒಳ್ಳೆಯ ಚಿತ್ರವಿದ್ದ ಪೋಸ್ಟರುಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕನ್ನಡದ ಸಾಲಿನಲ್ಲಿ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ, ಗುಣಿತ ಚಿಹ್ನೆಗಳು ಮೇಲಕ್ಕೂ ಬಲಕ್ಕೂ ಚಾಚುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವನ್ನು ಕನ್ನಡಕ್ಕೆ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟಿನಷ್ಟು ಅಂತರದಿಂದ ಆರಂಭಿಸಿ, ಕಣ್ಣಿನ ಅಂದಾಜಿನಲ್ಲಿ ತಗ್ಗಿಸುತ್ತಾ ಬರುವುದು ಕ್ಷೇಮ. ‘ಮೃಚ್ಛಕಟಿಕ’ದಂತಹ ಹೆಸರು ಸಿಕ್ಕಾಗ ಒತ್ತಿನ ಕೆಳಗೆ ಎಷ್ಟು ಜಾಗ ಉಳಿದಿದೆ ಎಂದು ನೋಡಿಕೊಂಡೇ ಚಿತ್ರದ ಸ್ಥಾನವನ್ನು ನಿರ್ಧರಿಸಬೇಕು.

ಯೂನಿಕೋಡ್ ಫಾಂಟುಗಳಲ್ಲಿ ಉಚಿತವಾಗಿ ಸಿಗುವವು ಈಗ ಸಾಕಷ್ಟಿವೆ. ಅನೇಕ್ ಕನ್ನಡದಲ್ಲಿ ಸಣಕಲು ಅಕ್ಷರದಿಂದ ಅಗಲವಾದ ಅಕ್ಷರದವರೆಗೆ, ತೆಳುವಿನಿಂದ ದಪ್ಪದವರೆಗೆ ಹಲವು ರೂಪಗಳಿವೆ. ಬಾಲೂ ತಮ್ಮ ದುಂಡಗೆ, ಸ್ವಲ್ಪ ತಮಾಷೆಯ ಸ್ವಭಾವದ್ದು. ತಿರೋ ಕನ್ನಡ ಪುಸ್ತಕದ ಗಾಂಭೀರ್ಯದ್ದು. ನೋಟೊ ಕುಟುಂಬ ವಿವರಗಳ ಸಾಲಿಗೆ ಒಳ್ಳೆಯದು. ಫೋಟೊಶಾಪ್ ಅಥವಾ ಇಲ್ಲಸ್ಟ್ರೇಟರಿನಲ್ಲಿ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಂಡರೆ ದೋಷ ಫಾಂಟಿನದ್ದಲ್ಲ, ತಂತ್ರಾಂಶದ ಆಯ್ಕೆಯದ್ದು. ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವ ಅಕ್ಷರ ಜೋಡಣೆಯ ಆಯ್ಕೆಯನ್ನು ಅಲ್ಲಿ ಸಕ್ರಿಯಗೊಳಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟುಗಳಲ್ಲಿ ಕೆಲಸ ಮಾಡುವ ಡಿಟಿಪಿ ಅಂಗಡಿಗೆ ಯೂನಿಕೋಡ್ ಪಠ್ಯ ಕೊಟ್ಟರೆ ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಅರ್ಧಾಕ್ಷರಗಳು ಕೆಡುವ ಸಂಭವವಿದೆ, ಹಾಗಾಗಿ ಅಲ್ಲಿಂದ ಬಂದ ಪ್ರೂಫನ್ನು ಅಕ್ಷರ ಅಕ್ಷರವಾಗಿ ಓದಬೇಕು.

ನಾಟಕದ ಹೆಸರನ್ನು ಕೈಯಿಂದಲೇ ಬರೆಯುವುದು ಎಲ್ಲಕ್ಕಿಂತ ಮೇಲು. ಆಗ ಅಕ್ಷರವೂ ಸಂಕೇತದ ಪಾಲುದಾರನಾಗುತ್ತದೆ. ‘ಹಯವದನ’ ಎಂದು ದಪ್ಪಗೆ ಬರೆದು, ಅಕ್ಷರಗಳ ತಲೆಕಟ್ಟನ್ನು ಬುಡದಿಂದ ಬೇರ್ಪಡಿಸಿ ಒಂದು ಮನೆ ಪಕ್ಕಕ್ಕೆ ಸರಿಸಿದರೆ, ಚಿತ್ರವೇ ಇಲ್ಲದ ಪೋಸ್ಟರ್ ಕೂಡ ನಾಟಕವನ್ನು ಹೇಳಬಲ್ಲುದು. ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿಗಾಗಿ ವಿನ್ಯಾಸಕಿ ಪೌಲಾ ಶೇರ್ 1994ರಿಂದ ಮಾಡಿದ ಕೆಲಸ ನಿಂತಿರುವುದು ಅಕ್ಷರಗಳ ಬಲದ ಮೇಲೆಯೇ. ರೋಮನ್ ಲಿಪಿಗೆ ಸಾಧ್ಯವಾದದ್ದು ಇಷ್ಟು ತಿರುವುಗಳಿರುವ ಕನ್ನಡ ಲಿಪಿಗೆ ಇನ್ನೂ ಹೆಚ್ಚು ಸಾಧ್ಯವಾಗಬೇಕು.

ಪೋಸ್ಟರಿನಲ್ಲಿ ಯಾವ ವಿವರಗಳು ಇರಲೇಬೇಕು?

ನಾಟಕದ ಹೆಸರು, ನಾಟಕಕಾರರು, ಅನುವಾದ ಅಥವಾ ರೂಪಾಂತರವಾಗಿದ್ದರೆ ಅದನ್ನು ಮಾಡಿದವರು, ನಿರ್ದೇಶಕರು, ತಂಡ, ಸ್ಥಳ, ವಾರದ ಹೆಸರಿನೊಂದಿಗೆ ದಿನಾಂಕ, ಸಮಯ, ಟಿಕೆಟ್ ಸಿಗುವ ಬಗೆ. ಬೆಳಕು, ಸಂಗೀತ, ರಂಗಸಜ್ಜಿಕೆ, ಪ್ರಸಾಧನ ಮಾಡಿದವರ ಹೆಸರುಗಳನ್ನು ಪ್ರದರ್ಶನದ ದಿನ ಹಂಚುವ ಪತ್ರದಲ್ಲಿ ಗೌರವದಿಂದ ಮುದ್ರಿಸಬಹುದು. ಎಲ್ಲರ ಹೆಸರೂ ಪೋಸ್ಟರಿನಲ್ಲೇ ಬರಬೇಕು ಎಂಬ ಹಟಕ್ಕೆ ಸಂಕೇತ ಉಸಿರುಗಟ್ಟುತ್ತದೆ. ಸಮಯವನ್ನು ಮಾತ್ರ ಸಣ್ಣದಾಗಿಸಬೇಡಿ. ಬೆಂಗಳೂರಿನ ಜೆ. ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ನಾಟಕ ಶುರುವಾಗುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಅಂತಹ ಕಡೆ ಸಮಯ ಓದಲಾಗದ ಪೋಸ್ಟರ್ ಪ್ರೇಕ್ಷಕರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಅಕ್ಷರದ ಗಾತ್ರಕ್ಕೆ ಫಲಕ ಬರೆಯುವವರ ಹಳೆಯ ಅಂದಾಜು ಒಂದಿದೆ: 10 ಅಡಿ ದೂರದಿಂದ ಆರಾಮವಾಗಿ ಓದಬೇಕಾದರೆ ಅಕ್ಷರ ಸುಮಾರು 1 ಅಂಗುಲ ಎತ್ತರ ಇರಬೇಕು.

ಯಾವ ಅಳತೆಯಲ್ಲಿ ಮಾಡಬೇಕು?

ರಂಗಮಂದಿರದ ಸೂಚನಾ ಫಲಕ, ಕಾಲೇಜು, ಪುಸ್ತಕದಂಗಡಿ, ಹೋಟೆಲುಗಳಿಗೆ ಎ3 ಸಾಕು, ಅಂದರೆ 297 × 420 ಮಿಲಿಮೀಟರ್. ಪ್ರವೇಶದ್ವಾರಕ್ಕೆ ಅದರ ಎರಡರಷ್ಟಿರುವ ಎ2 ಒಳ್ಳೆಯದು. ಎ ಸರಣಿಯ ಹಾಳೆಗಳ ಉದ್ದಗಲದ ಪ್ರಮಾಣ ಒಂದೇ ಆದ್ದರಿಂದ ಒಮ್ಮೆ ಮಾಡಿದ ವಿನ್ಯಾಸ ಎಲ್ಲ ಅಳತೆಗೂ ಹೊಂದುತ್ತದೆ. ಆಫ್‌ಸೆಟ್ ಮುದ್ರಣಾಲಯದವರು ಡೆಮಿ, ಡಬಲ್ ಕ್ರೌನ್ ಎಂದು ಅಂಗುಲದ ಲೆಕ್ಕದಲ್ಲಿ ಮಾತನಾಡುತ್ತಾರೆ. ಡಬಲ್ ಕ್ರೌನ್ ಎಂದರೆ 20 × 30 ಅಂಗುಲದ ಹಾಳೆ, ಅದರ ಪ್ರಮಾಣ ಬೇರೆ.

ಇಂದು ಹೆಚ್ಚಿನವರು ಪೋಸ್ಟರನ್ನು ಮೊದಲು ನೋಡುವುದು ಫೋನಿನಲ್ಲಿ. ಎ3 ಪೋಸ್ಟರನ್ನು ಹಾಗೆಯೇ ಕುಗ್ಗಿಸಿ ಕಳುಹಿಸಿದರೆ ವಿವರಗಳ ಸಾಲು ಇರುವೆ ಸಾಲಾಗುತ್ತದೆ. ಸ್ಟೇಟಸ್‌ಗಾಗಿ 1080 × 1920 ಪಿಕ್ಸೆಲ್‌ಗಳ ಉದ್ದನೆಯ ರೂಪವನ್ನು ಬೇರೆಯಾಗಿಯೇ ಕಟ್ಟಿ. ಅದರಲ್ಲಿ ಸಂಕೇತ, ಹೆಸರು, ದಿನ, ಸಮಯ, ಸ್ಥಳ ಇಷ್ಟೇ ಇರಲಿ.

ಮುದ್ರಣಾಲಯಕ್ಕೆ ಕಡತ ಕೊಡುವಾಗ ಏನನ್ನು ನೋಡಿಕೊಳ್ಳಬೇಕು?

ಅಕ್ಷರಗಳನ್ನೆಲ್ಲ ಕರ್ವ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಬರಿಯ ಆಕಾರಗಳಿಗೆ, ಬದಲಿಸಿ ಪಿಡಿಎಫ್ ಕೊಡಿ. ತಿದ್ದಬಲ್ಲ ಮೂಲ ಕಡತವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಬಣ್ಣಗಳು ಮುದ್ರಣದ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿರಲಿ: ಪರದೆಯ ಮೇಲೆ ಉರಿಯುವ ಹಸಿರು, ನೇರಳೆಗಳು ಶಾಯಿಯಲ್ಲಿ ಮಂಕಾಗುತ್ತವೆ. ಹಾಳೆ ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಚಿತ್ರವನ್ನು ನಾಲ್ಕೂ ಅಂಚಿನಾಚೆ 3 ಮಿಲಿಮೀಟರ್ ಹೆಚ್ಚುವರಿ ಚಾಚಿಸಿ. ಚಿತ್ರ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಇರಬೇಕು, ಅಂದರೆ ಎ3 ಅಳತೆಗೆ 3508 × 4961 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರ ಕುಗ್ಗಿರುತ್ತದೆ, ಅದನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಸಣ್ಣ ಅಕ್ಷರಗಳಿಗೆ ನಾಲ್ಕು ಶಾಯಿಗಳ ಕಪ್ಪನ್ನು ಬಳಸದೆ ಕೇವಲ ಕಪ್ಪು ಶಾಯಿಯನ್ನೇ ಬಳಸಿ, ಇಲ್ಲವಾದರೆ ಒಂದೊಂದು ಶಾಯಿಗೂ ಇರುವ ಅಚ್ಚಿನ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳು ಮಸುಕಾಗುತ್ತವೆ. ಆಫ್‌ಸೆಟ್‌ನಲ್ಲಿ ಖರ್ಚು ಹೆಚ್ಚಾಗಿ ಪ್ಲೇಟ್ ಮತ್ತು ಯಂತ್ರ ಹೊಂದಿಸುವುದಕ್ಕೆ ಆಗುತ್ತದೆ, ಆದ್ದರಿಂದ ಕೆಲವೇ ಪ್ರತಿಗಳು ಸಾಕೆಂದಾದರೆ ಡಿಜಿಟಲ್ ಮುದ್ರಣ ಅಗ್ಗ. ಎರಡೇ ಬಣ್ಣದ ಪೋಸ್ಟರಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿದರೆ ಶಾಯಿಯ ಗಟ್ಟಿತನ ಬೇರೆಯೇ. ಸಾಧ್ಯವಿರುವವರು ಒಮ್ಮೆ ಮಾಡಿಸಿ ನೋಡಬೇಕು.

ಎಲ್ಲಿ ಬೇಕಾದರೂ ಅಂಟಿಸಬಹುದೆ?

ಇಲ್ಲ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟ್ ಕಟ್ಟುನಿಟ್ಟಾಗಿ ಹೇಳಿದ ಮೇಲೆ ನಗರದ ಫ್ಲೆಕ್ಸುಗಳನ್ನು ದೊಡ್ಡ ಪ್ರಮಾಣದಲ್ಲಿ ತೆರವುಗೊಳಿಸಲಾಯಿತು. ಜಾಗದ ಒಡೆಯರ ಒಪ್ಪಿಗೆ ಪಡೆದು ಒಳಾಂಗಣದಲ್ಲಿ ಹಾಕಿದ ಸಣ್ಣ ಪೋಸ್ಟರ್ ನಾಟಕ ನೋಡುವವರಿಗೆ ತಲುಪುವಷ್ಟು ರಸ್ತೆ ಬದಿಯ ಫ್ಲೆಕ್ಸ್ ತಲುಪುವುದೂ ಇಲ್ಲ.

ಅಂತರ್ಜಾಲದಲ್ಲಿ ಸಿಕ್ಕ ಚಿತ್ರವನ್ನು, ಅಥವಾ ಕೃತಕ ಬುದ್ಧಿಮತ್ತೆ ರಚಿಸಿದ ಚಿತ್ರವನ್ನು ಬಳಸಬಹುದೆ?

ಇನ್ನೊಬ್ಬರ ಚಿತ್ರಕ್ಕೆ ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಭಾರತದಲ್ಲಿ ಚಿತ್ರಕಾರರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹಕ್ಕನ್ನು ವರ್ಗಾಯಿಸುವುದಾದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಸ್ನೇಹಿತರೇ ಪೋಸ್ಟರ್ ಮಾಡಿಕೊಟ್ಟಿದ್ದರೂ ಒಂದು ಸಾಲಿನ ಒಪ್ಪಂದ ಬರೆದಿಡುವುದು ಸ್ನೇಹಕ್ಕೇ ಒಳ್ಳೆಯದು. ಯಂತ್ರ ರಚಿಸಿದ ಚಿತ್ರಗಳ ಬಗ್ಗೆ ನಮ್ಮ ತಕರಾರು ಕಾನೂನಿಗಿಂತ ಹೆಚ್ಚಾಗಿ ಕಲೆಯದು. ‘ಅಧಿಕಾರದ ಕುರಿತ ನಾಟಕದ ಪೋಸ್ಟರ್’ ಎಂದು ಕೇಳಿದರೆ ಬಿರುಕುಬಿಟ್ಟ ಕಿರೀಟವೇ ಬರುತ್ತದೆ, ಏಕೆಂದರೆ ಅದು ಈಗಾಗಲೇ ಇರುವ ಪೋಸ್ಟರುಗಳನ್ನು ನೋಡಿ ಕಲಿತದ್ದು. ಗುಲಾಬಿ ತೋಟದ ನಾಣ್ಯ ಸಿಗಬೇಕಾದರೆ ಯಾರಾದರೂ ನಾಟಕವನ್ನು ಓದಿರಬೇಕು.

ಪೋಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ತೆಗೆದು ನೋಡಿ. ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ ನೋಡಿ. ಮೂರರಲ್ಲೂ ಆಕಾರ ಉಳಿದರೆ ಅರ್ಧ ಕೆಲಸ ಆಯಿತು. ನಂತರ ನಾಟಕದ ಬಗ್ಗೆ ಏನೂ ತಿಳಿಯದ ಒಬ್ಬರಿಗೆ ತೋರಿಸಿ. ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಸೌಜನ್ಯಕ್ಕಾಗಿ ಹೌದೆನ್ನುತ್ತಾರೆ. ‘ಈ ನಾಟಕದಲ್ಲಿ ಏನು ನಡೆಯಬಹುದು?’ ಎಂದು ಕೇಳಿ. ಅವರ ಊಹೆ ತಪ್ಪಾದರೂ ಚಿಂತೆಯಿಲ್ಲ. ಊಹಿಸಲು ಮನಸ್ಸು ಮಾಡಿದರೆ ಸಾಕು.

ಅದೇ ನಾಟಕ ಮರುಪ್ರಯೋಗವಾದಾಗ ಹಳೆಯ ಪೋಸ್ಟರನ್ನೇ ಬಳಸಬಹುದೆ?

ಅದೇ ನಿರ್ದೇಶನ, ಅದೇ ವ್ಯಾಖ್ಯಾನವಾಗಿದ್ದರೆ ಬಳಸಬೇಕು; ಜನ ಆ ಆಕಾರದಿಂದಲೇ ಪ್ರಯೋಗವನ್ನು ಗುರುತಿಸತೊಡಗಿರುತ್ತಾರೆ. ಇದನ್ನು ಮೊದಲೇ ಯೋಚಿಸಿ ಸ್ಥಳ, ದಿನಾಂಕ, ಸಮಯಗಳನ್ನು ಕೆಳಗಿನ ಒಂದು ಪಟ್ಟಿಯಲ್ಲಿ ಬೇರೆಯಾಗಿಟ್ಟರೆ ಊರಿಂದ ಊರಿಗೆ ಹೋಗುವ ತಂಡಗಳು ಮೇಲಿನ ಭಾಗವನ್ನು ಒಟ್ಟಿಗೆ ಮುದ್ರಿಸಿಕೊಂಡು, ಪಟ್ಟಿಯನ್ನು ಖಾಲಿ ಬಿಟ್ಟು, ಆಯಾ ಊರಿನ ವಿವರವನ್ನು ಸ್ಥಳೀಯ ಸಂಘಟಕರೇ ಬರೆದುಕೊಳ್ಳುವಂತೆ ಮಾಡಬಹುದು. ನಿರ್ದೇಶಕರು ಬದಲಾಗಿದ್ದರೆ ಹಳೆಯದನ್ನು ಬದಿಗಿಟ್ಟು ಮತ್ತೆ ರಂಗಪಠ್ಯದಿಂದಲೇ ಆರಂಭಿಸಿ.